ಮೆಟ್ಟಿಲಿಗೆ ಯಾವ ಕಲ್ಲು? ಕಾಂಕ್ರೀಟ್‌ಗೆ ಮೊದಲೇ ತೀರ್ಮಾನಿಸಿ

ಮನೆ ಕಟ್ಟುವಾಗ ಮೆಟ್ಟಿಲಿನ ಕಲ್ಲಿನ ಮಾತು ಬರುವುದು ಕೊನೆಗೆ. ನೆಲದ ಟೈಲ್ಸ್ ತರಲು ಹೋದಾಗ, ‘ಹಂಗೇ ಮೆಟ್ಟಿಲಿಗೂ ಒಂದು ನೋಡೋಣ’ ಅಂತ. ಅಷ್ಟೊತ್ತಿಗೆ ಕಾಂಕ್ರೀಟ್ ಬಿದ್ದು ತಿಂಗಳುಗಳಾಗಿರುತ್ತವೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೆಟ್ಟಿಲಿಗೆ ಕೆಲಸ ಜಾಸ್ತಿ. ಬೇಸಿಗೆಯಲ್ಲಿ ಹಾಸಿಗೆ ಹೊತ್ತು ಮಾಳಿಗೆ ಹತ್ತಬೇಕು, ಸಂಡಿಗೆ, ಮೆಣಸಿನಕಾಯಿ ಒಣಗಿಸಬೇಕು. ಅದೂ ಬರಿಗಾಲಲ್ಲಿ. ಅಂಗಡಿಯ ಲೈಟಿನಲ್ಲಿ ಕಲ್ಲು ಎಷ್ಟು ಹೊಳೆಯಿತು ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಎತ್ತರದ ಲೆಕ್ಕ

ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಎಂದುಕೊಳ್ಳಿ, ಅಂದರೆ 120 ಇಂಚು. ಒಂದು ಮೆಟ್ಟಿಲು 6 ಇಂಚು ಎತ್ತರವಾದರೆ 20 ಏರು. ಕಾಲಿಡುವ ಜಾಗ ಕನಿಷ್ಠ 10 ಇಂಚು ಇರಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿಗೆ 190 ಮಿಲಿಮೀಟರ್ ಎತ್ತರದವರೆಗೆ ಒಪ್ಪುತ್ತದೆ. ಆದರೆ ಮನೆಯಲ್ಲಿ ಮಂಡಿ ನೋವಿನ ಹಿರಿಯರಿದ್ದರೆ 6 ಇಂಚೇ ವಾಸಿ.

ಎಡವಟ್ಟಾಗುವುದು ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲಿ. ನಡುವಿನವಕ್ಕೆಲ್ಲ ಒಂದೇ ದಪ್ಪದ ಕಲ್ಲು ಕೂರುವುದರಿಂದ ಎತ್ತರ ಬದಲಾಗುವುದಿಲ್ಲ. ಕೆಳಗಿನ ನೆಲಕ್ಕೆ ಗಾರೆ, ಟೈಲ್ಸ್ ಸೇರಿ 3 ಇಂಚು ಏರಿತು, ಮೆಟ್ಟಿಲ ಮೇಲೆ ಕಲ್ಲು, ಗಾರೆ ಸೇರಿ ಒಂದೂವರೆ ಇಂಚು ಮಾತ್ರ ಏರಿತು ಅನ್ನಿ. ಮೊದಲ ಮೆಟ್ಟಿಲು ಒಂದೂವರೆ ಇಂಚು ತಗ್ಗಾಯಿತು. ಮೇಲಿನ ನೆಲವೂ 3 ಇಂಚು ಏರಿದರೆ ಕೊನೆಯದು ಅಷ್ಟೇ ಎತ್ತರವಾಯಿತು. ಕಣ್ಣಿಗೆ ಕಾಣದ ಈ ವ್ಯತ್ಯಾಸ ರಾತ್ರಿ ಕಾಲಿಗೆ ಸಿಗುತ್ತದೆ. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಹಲಗೆಯ ಅಚ್ಚು, ಹೊಡೆಯುವ ಮೊದಲೇ ಕಲ್ಲಿನ ದಪ್ಪ, ನೆಲದ ದಪ್ಪ ಎರಡನ್ನೂ ಗೌಂಡಿಗೆ ಬರೆದು ಕೊಡಿ. ಬಾಯಿಮಾತು ಸಾಲದು.

ಎರೆ ನೆಲದಲ್ಲಿ ಮನೆ ಕಟ್ಟುವವರಿಗೆ ಇನ್ನೊಂದು ಮಾತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೊದಲ ಮೆಟ್ಟಿಲನ್ನು ತುಂಬಿದ ಮಣ್ಣಿನ ಮೇಲೆ ಕೂರಿಸಬೇಡಿ, ಪ್ಲಿಂತ್ ಬೀಮ್ (ಅಡಿಪಾಯದ ಮೇಲಿನ ಕಾಂಕ್ರೀಟ್ ತೊಲೆ) ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಎಷ್ಟೇ ದುಬಾರಿ ಕಲ್ಲಾದರೂ ಸೀಳುತ್ತದೆ.

ಒಳಗೊಂದು, ಹೊರಗೊಂದು

ಹೊರಗಿನ ಮೆಟ್ಟಿಲಿಗೆ ಕಪ್ಪು ಗ್ರಾನೈಟ್ ಬೇಡವೇ ಬೇಡ. ಏಪ್ರಿಲ್ ಮಧ್ಯಾಹ್ನ ಅಂಜನಾದ್ರಿಯ 575 ಮೆಟ್ಟಿಲು ಬರಿಗಾಲಲ್ಲಿ ಹತ್ತಿದವರಿಗೆ ಬಿಸಿಲಿಗೆ ಕಾದ ಕಲ್ಲು ಏನೆಂದು ಹೇಳಬೇಕಿಲ್ಲ. ಕಪ್ಪಾದರೆ ಇನ್ನೂ ಜಾಸ್ತಿ ಕಾಯುತ್ತದೆ. ತಿಳಿ ಬೂದು ಅಥವಾ ಗುಲಾಬಿ ಬಣ್ಣದ್ದು ತಗೊಳ್ಳಿ. ಇಳಕಲ್ ಗ್ರಾನೈಟ್ ನಮಗೆ ಹತ್ತಿರ, ಅದೇ ಬಗೆಯ ಕಲ್ಲು ಕುಷ್ಟಗಿ ಕಡೆಗೂ ಸಿಗುತ್ತದೆ. ಸಾಗಾಟದ ಖರ್ಚೂ ಉಳಿಯಿತಲ್ವಾ? ಹೊರಗಡೆಗೆ ಪಾಲಿಶ್ ಹೊಡೆಸಬೇಡಿ, ಮಳೆಯಲ್ಲಿ ಜಾರುತ್ತದೆ. ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ಕೇಳಿ.

ಕಬ್ಬಿಣದ ಮೆಟ್ಟಿಲು ಬೇಗ ಆಗುತ್ತದೆ, ಜಾಗವೂ ಕಡಿಮೆ ಸಾಕು. ಆದರೆ ಬಿಸಿಲಿಗೆ ಅದು ಹೆಂಚಾಗುತ್ತದೆ. ರೆಡ್ ಆಕ್ಸೈಡ್ ಹೊಡೆದು ಮೇಲೆ ಬಣ್ಣ ಬಳಿಯದಿದ್ದರೆ ತುಕ್ಕು ಬೇರೆ.

ಒಳಗಡೆಗೆ ಶಹಾಬಾದ್ ಫರ್ಸಿ ನನ್ನ ಮೊದಲ ಆಯ್ಕೆ. ಅಗ್ಗ, ತಂಪು, ಪಾಲಿಶ್ ಹೊಡೆಸದೆ ಹಾಗೇ ಬಿಟ್ಟರೆ ಜಾರುವುದೂ ಕಡಿಮೆ. ಅದು ಸುಣ್ಣದ ಕಲ್ಲು. ಹಾಗಾಗಿ ಹುಣಸೆ, ನಿಂಬೆ ಹುಳಿ ಬಿದ್ದರೆ ಕಲೆಯಾಗುತ್ತದೆ, ಆಸಿಡ್ ತಾಗಿದರೆ ಮೈ ಕಿತ್ತು ಬರುತ್ತದೆ. ಗ್ರಾನೈಟ್ ಆದರೆ ಈ ಚಿಂತೆಯಿಲ್ಲ, 18 ಎಂಎಂ ದಪ್ಪ ಸಾಕು. ಕಪ್ಪು ಇಷ್ಟವಿದ್ದರೆ ಒಳಗೆ ಹಾಕಿಸಿ. ಬೋರ್‌ವೆಲ್‌ನ ಗಡಸು ನೀರಲ್ಲಿ ಒರೆಸಿದಾಗಲೆಲ್ಲ ಬಿಳಿ ಕಲೆ ಉಳಿಯುತ್ತದೆ ಅನ್ನುವುದೂ ಗೊತ್ತಿರಲಿ. ಸಾಗುವಾನಿ ಚೆಂದ, ಆದರೆ ದುಡ್ಡು ಮತ್ತು ಗೆದ್ದಲು ಎರಡನ್ನೂ ನೋಡಿಕೊಳ್ಳಬೇಕು.

ಎಷ್ಟು ಚದರಡಿ ತರಬೇಕು?

ಮೂರೂವರೆ ಅಡಿ ಅಗಲದ ಮೆಟ್ಟಿಲು, ನಡುವೆ ಒಂದು ಲ್ಯಾಂಡಿಂಗ್. 20 ಏರಿನಲ್ಲಿ ಒಂದು ಲ್ಯಾಂಡಿಂಗ್‌ಗೆ, ಒಂದು ಮೇಲಿನ ನೆಲಕ್ಕೆ ಮುಟ್ಟುವುದರಿಂದ, ಕಾಲಿಡುವ ಜಾಗಕ್ಕೆ ಒಂದಡಿ ಅಗಲದ ಪಟ್ಟಿ 18 ಬೇಕು, ಅಂದರೆ 63 ಚದರಡಿ. 20 ಏರಿಗೆ 35. ಲ್ಯಾಂಡಿಂಗ್‌ಗೆ ಸುಮಾರು 25. ಒಟ್ಟು 123, ಮುರಿಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿದರೆ 135. ಎಲ್ಲವನ್ನೂ ಒಂದೇ ಲಾಟಿನಲ್ಲಿ ತನ್ನಿ. ಆಮೇಲೆ ನಾಲ್ಕು ಪಟ್ಟಿ ಕಡಿಮೆ ಬಿದ್ದರೆ ಅದೇ ಬಣ್ಣ ಸಿಗುವುದು ಕಷ್ಟ. ದುಡ್ಡು ಕೊಡುವ ಮೊದಲು ಒಂದು ತುಂಡಿನ ಮೇಲೆ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ನಿಂತು ನೋಡಿ. ಅಂಗಡಿಯವರು ನಕ್ಕರೆ ನಗಲಿ.

ಕೂರಿಸುವಾಗ ಅಂಚನ್ನು ಗುಂಡಗೆ ಮಾಡಿಸಿ, ತುದಿಯಲ್ಲಿ ಎರಡು ಮೂರು ಗೀರು ಹೊಡೆಸಿ. ಆಮೇಲೆ ಒಂದೊಂದು ಪಟ್ಟಿಯನ್ನೂ ಬೆರಳಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ ಎಂದರ್ಥ, ಅವತ್ತೇ ಎಬ್ಬಿಸಿ ಮತ್ತೆ ಕೂರಿಸಲು ಹೇಳಿ. ರೇಲಿಂಗ್ ಮೂರಡಿ ಎತ್ತರವಿರಲಿ, ಸರಳುಗಳ ನಡುವೆ 4 ಇಂಚಿಗಿಂತ ಜಾಸ್ತಿ ಸಂದು ಬೇಡ, ಮಕ್ಕಳು ತಲೆ ತೂರಿಸುತ್ತವೆ. ಬಣ್ಣದ ಕೆಲಸ ಮುಗಿಯುವ ತನಕ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ ಹಾಸಿ. ಸಿಮೆಂಟ್ ಕಲೆ ತೆಗೆಯಲು ಕೆಲಸದವರು ಆಸಿಡ್ ಬಾಟಲಿ ತಂದರೆ ಫರ್ಸಿಯ ಹತ್ತಿರ ಸುಳಿಯಲು ಬಿಡಬೇಡಿ.