ಕಾರಿಗೆ ಹೈಡ್ರೋಜನ್ ಕಿಟ್ ಹಾಕಿ ಅಳೆದು ನೋಡಿದ ನನ್ನ ಅನುಭವ

ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್‌ಗೆ ಬಿಟ್ಟರೆ ಪೆಟ್ರೋಲ್ ಉಳಿಯುತ್ತಾ? ನಾನು ಗಾಡಿ ರಿಪೇರಿ ಕೆಲಸದವನು. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಾಯಿಮಾತಿನಲ್ಲಿ ಉತ್ತರ ಹೇಳೋದು ನನಗೆ ಇಷ್ಟವಿಲ್ಲ. ಅದಕ್ಕೆ ಒಂದು ಕಿಟ್ ಕೈಯಾರೆ ಕಟ್ಟಿ, ಸ್ವಂತ ಕಾರಿಗೆ ಹಾಕಿ, ಅಳೆದು ನೋಡಿದೆ. ಪೆಟ್ರೋಲ್ ಉಳಿಯುವುದಿಲ್ಲ. ಆದರೆ ಅಳೆಯುವ ರೀತಿ ಸರಿ ಇಲ್ಲದಿದ್ದರೆ ಉಳಿದಂತೆ ಕಾಣುತ್ತದೆ. ಹಾಗಾಗಿ ಹೇಗೆ ಅಳೆದೆ ಅನ್ನೋದನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಕಿಟ್‌ನಲ್ಲಿ ದೊಡ್ಡ ರಹಸ್ಯ ಏನೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳ ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಬಿಗಿದರೆ ಸಾಲಾಗಿ ಆರು ಸೆಲ್ ಆಗುತ್ತವೆ. ಒಳಗೆ ಡಿಸ್ಟಿಲ್ಡ್ ನೀರು, ಕರೆಂಟ್ ಹರಿಯಲಿ ಅಂತ ಅದಕ್ಕೆ ಸ್ವಲ್ಪ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಬ್ಯಾಟರಿ ವೈರಿನಿಂದ ಫ್ಯೂಸ್, ರಿಲೇ ಮೂಲಕ ಕರೆಂಟ್ ಕೊಟ್ಟರೆ ನೀರು ಒಡೆದು ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಬರುತ್ತದೆ. ಮಾರುವವರು ಇದನ್ನು ಎಚ್‌ಎಚ್‌ಒ ಅಂತಲೂ ಬ್ರೌನ್ಸ್ ಗ್ಯಾಸ್ ಅಂತಲೂ ಕರೆಯುತ್ತಾರೆ. ಆ ಗ್ಯಾಸ್ ಬಬ್ಲರ್‌ನ (ಬೆಂಕಿ ಹಿಂದಕ್ಕೆ ಸೆಲ್‌ಗೆ ಹೋಗದಂತೆ ತಡೆಯುವ ನೀರಿನ ಡಬ್ಬಿ) ನೀರನ್ನು ದಾಟಿ, ಟ್ಯೂಬಿನಲ್ಲಿ ಏರ್ ಫಿಲ್ಟರ್ ಆಚೆಗಿನ ಪೈಪಿಗೆ ಸೇರುತ್ತದೆ.

ರಸ್ತೆಗೆ ಇಳಿಯುವ ಮೊದಲು ಗ್ಯಾಸ್ ಎಷ್ಟು ಬರುತ್ತದೆ ನೋಡಿದೆ. ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ಬಕೆಟ್ ನೀರಿನಲ್ಲಿ ತಲೆಕೆಳಗೆ ಹಿಡಿದು, ಒಳಗೆ ಟ್ಯೂಬ್ ಬಿಟ್ಟೆ. 20 ಆಂಪಿಯರ್ ಹರಿಯುವಾಗ ಬಾಟಲಿ ತುಂಬಲು ಮುಕ್ಕಾಲು ನಿಮಿಷದ ಹತ್ತಿರ ಬೇಕಾಯಿತು. ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಕೊಟ್ಟ ನಿಯಮದಿಂದ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ: 20 ಆಂಪಿಯರ್‌ಗೆ ಒಂದು ಸೆಲ್‌ನಿಂದ ನಿಮಿಷಕ್ಕೆ ಸುಮಾರು 0.22 ಲೀಟರ್, ಆರು ಸೆಲ್‌ನಿಂದ ಸುಮಾರು 1.3 ಲೀಟರ್. ಇಷ್ಟೇ ಕರೆಂಟಿಗೆ, ಇಷ್ಟೇ ಸೆಲ್‌ಗಳಿಂದ ಇದಕ್ಕಿಂತ ತುಂಬಾ ಜಾಸ್ತಿ ಬರುತ್ತದೆ ಅಂತ ಯಾರಾದರೂ ತೋರಿಸಿದರೆ, ಆ ಹೆಚ್ಚಿನ ಪಾಲು ಬಹುಶಃ ಬಿಸಿ ಸೆಲ್‌ನಿಂದ ಎದ್ದ ನೀರಿನ ಆವಿ.

ಮುಖ್ಯ ಲೆಕ್ಕ ಇದರ ಮುಂದಿನದು. ಎಂಜಿನ್ ಓಡುವಾಗ ವೋಲ್ಟೇಜ್ 13.8ರ ಆಸುಪಾಸು ಇರುತ್ತದೆ. ಅಂದರೆ ಕಿಟ್ ಎಳೆಯುವುದು ಸುಮಾರು 275 ವ್ಯಾಟ್. 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಐದು ಉರಿಸಿದಷ್ಟು. ಅದರಿಂದ ಬರುವ ಹೈಡ್ರೋಜನ್ ಉರಿದಾಗ ಸಿಗುವುದು 150 ವ್ಯಾಟ್‌ನಷ್ಟು ಶಾಖ ಮಾತ್ರ. ಉಳಿದದ್ದು ಸೆಲ್ ಬಿಸಿ ಮಾಡಿ ಮುಗಿಯುತ್ತದೆ. ಆ 275 ವ್ಯಾಟ್ ಕೂಡ ಪುಕ್ಕಟೆ ಅಲ್ಲ. ಆಲ್ಟರ್ನೇಟರ್ ಬೆಲ್ಟ್‌ನಿಂದ ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನಷ್ಟೇ ಕರೆಂಟ್ ಮಾಡುತ್ತದೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗದ ಆಸುಪಾಸನ್ನಷ್ಟೇ ಬೆಲ್ಟ್‌ವರೆಗೆ ತಲುಪಿಸುತ್ತದೆ. ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ ಗಂಟೆಗೆ ಸುಮಾರು 200 ಮಿಲಿ ಪೆಟ್ರೋಲ್ ಈ ಕಿಟ್ ನಡೆಸೋದಕ್ಕೇ ಹೋಗುತ್ತದೆ. ಅದೇ ಗಂಟೆಯಲ್ಲಿ ಹುಟ್ಟುವ ಹೈಡ್ರೋಜನ್‌ನಲ್ಲಿ ಇರುವ ಶಕ್ತಿ 17 ಮಿಲಿ ಪೆಟ್ರೋಲಿನಷ್ಟು.

"ಗಂಟೆಗೆ ಬರೀ 40 ಮಿಲಿ ನೀರು ಸಾಕು" ಅಂತ ಕಿಟ್ ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಆ ಮಾತು ನಿಜ. ಆದರೆ 40 ಮಿಲಿ ನೀರಿನಲ್ಲಿರುವ ಹೈಡ್ರೋಜನ್ ನಾಲ್ಕೂವರೆ ಗ್ರಾಂ ಅಷ್ಟೇ. ಗಂಟೆಗೆ ನಾಲ್ಕು ಲೀಟರ್ ಪೆಟ್ರೋಲ್ ಉರಿಸುವ ಕಾರಿಗೆ ಅದು ಎಷ್ಟನೇ ಪಾಲು, ಯೋಚಿಸಿ.

ಲೆಕ್ಕ ಒಪ್ಪದವರಿಗೆ ನಾನು ತೋರಿಸುವುದು ಐಡ್ಲಿಂಗ್ ಪರೀಕ್ಷೆ. ಎಂಜಿನ್ ಪೂರ್ತಿ ಬಿಸಿಯಾಗಬೇಕು. ಎಸಿ ಆಫ್ ಇರಬೇಕು, ರೇಡಿಯೇಟರ್ ಫ್ಯಾನ್ ನಿಂತಿರಬೇಕು. ಸ್ಕ್ಯಾನರ್ ಹಾಕಿ ಎಂಜಿನ್ ಲೋಡ್ ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಸಮಯ ನೋಡುತ್ತಾ ಕಿಟ್ ಆನ್ ಮಾಡಿ. ಆರ್‌ಪಿಎಂ ಒಂದು ಕ್ಷಣ ಕುಸಿಯುತ್ತದೆ, ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅದನ್ನು ಮತ್ತೆ ಎತ್ತುತ್ತದೆ, ಇಂಜೆಕ್ಟರ್ ಸಮಯ ಮೊದಲಿಗಿಂತ ಜಾಸ್ತಿಯಾಗಿ ನಿಲ್ಲುತ್ತದೆ. ಆಫ್ ಮಾಡಿದರೆ ಇಳಿಯುತ್ತದೆ. ನನ್ನ ಕಾರಿನಲ್ಲಿ ಪ್ರತಿ ಸಲವೂ ಹೀಗೇ ಆಯಿತು. ಇದರಲ್ಲಿ ಚಾಲಕನ ಕಾಲಿಗೆ ಕೆಲಸವೇ ಇಲ್ಲ, ಗಾಳಿ, ಏರು, ಟ್ರಾಫಿಕ್ ಯಾವುದೂ ಇಲ್ಲ. ಹಾಗಾಗಿ ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ಪರೀಕ್ಷೆಯ ಮೇಲೆ.

ರಸ್ತೆ ಮೇಲಿನ ಪರೀಕ್ಷೆ ಕಷ್ಟದ್ದು. ಕಿಟ್ ಹಾಕಿಸಿದವರಲ್ಲಿ ಅನೇಕರು ಆವತ್ತೇ ಏರ್ ಫಿಲ್ಟರ್ ಶುಚಿ ಮಾಡಿಸುತ್ತಾರೆ, ಟೈರಿಗೆ ಗಾಳಿ ತುಂಬಿಸುತ್ತಾರೆ. ಆಮೇಲೆ ಮೈಲೇಜ್ ಮೇಲೆ ಕಣ್ಣಿಟ್ಟು ಮೆಲ್ಲಗೆ ಓಡಿಸುತ್ತಾರೆ. ಅಷ್ಟರಿಂದಲೇ ಮೈಲೇಜ್ ಏರುತ್ತದೆ, ಹೆಸರು ಮಾತ್ರ ಕಿಟ್‌ಗೆ. ಜೊತೆಗೆ ಪಂಪ್‌ನಲ್ಲಿ ನಾಜಲ್ ಒಂದೊಂದು ಸಲ ಒಂದೊಂದು ಮಟ್ಟಕ್ಕೆ ಕಟ್ ಆಗುತ್ತದೆ. ಹತ್ತು ಲೀಟರ್ ಖರ್ಚಿನ ಪರೀಕ್ಷೆಯಲ್ಲಿ ಒಂದು ಲೀಟರ್ ಆಚೀಚೆಯಾದರೆ ಶೇ. 10ರಷ್ಟು "ಉಳಿತಾಯ" ತಾನಾಗಿಯೇ ಬಂತು.

ಅದಕ್ಕೆ ನಾನು ಮೊದಲು ಫಿಲ್ಟರ್, ಪ್ಲಗ್, ಟೈರ್ ಎಲ್ಲ ಸರಿ ಮಾಡಿಕೊಂಡು, ನಂತರವೇ ಅಳತೆ ಶುರು ಮಾಡಿದೆ. ಒಂದೇ ರಸ್ತೆ, ಒಂದೇ ವೇಗ, ಅದೇ ಪಂಪ್, ಅದೇ ನಾಜಲ್. ಟ್ಯಾಂಕ್ ಬಹುಪಾಲು ಖಾಲಿಯಾಗುವವರೆಗೆ ಓಡಿಸಿ ಮತ್ತೆ ತುಂಬಿಸುತ್ತಿದ್ದೆ. ಕಿಟ್‌ನ ಸ್ವಿಚ್ಚನ್ನು ಡಿಕ್ಕಿಯಲ್ಲಿ ಇಟ್ಟು, ಆಂಪಿಯರ್ ಮೀಟರ್ ಮುಚ್ಚಿಟ್ಟೆ. ಆನ್ ಇದೆಯೋ ಆಫ್ ಇದೆಯೋ ಗೆಳೆಯನಿಗೆ ಮಾತ್ರ ಗೊತ್ತು. ಅವನು ಬರೆದಿಟ್ಟುಕೊಳ್ಳುತ್ತಿದ್ದ. ಎಲ್ಲ ಮುಗಿದ ಮೇಲೆ ಇಬ್ಬರ ಚೀಟಿ ಜೋಡಿಸಿ ನೋಡಿದೆವು. ಕಿಟ್ ಆನ್ ಇದ್ದ ಓಟಗಳನ್ನು ನನ್ನ ಅಂಕಿಗಳಿಂದ ಗುರುತು ಹಿಡಿಯೋಕೆ ಆಗಲಿಲ್ಲ. ಶೇ. 20, 30 ಉಳಿತಾಯ ನಿಜವಾಗಿದ್ದರೆ ಅದು ಎದ್ದು ಕಾಣಬೇಕಿತ್ತು, ಅಲ್ವಾ?

ಈಗ ನನಗೆ ನಿಜಕ್ಕೂ ಚಿಂತೆ ತಂದ ವಿಷಯ. ಕೆಲವು ಕಿಟ್‌ಗಳ ಜೊತೆ ಇಎಫ್‌ಐಇ ಅನ್ನೋ ಸಣ್ಣ ಡಬ್ಬಿ ಕೊಡುತ್ತಾರೆ. ಅದು ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರ್‌ನಿಂದ ಈಸಿಯುಗೆ ಹೋಗುವ ವೈರಿನ ನಡುವೆ ಕೂರುತ್ತದೆ. ಸೆನ್ಸರ್ ಹೇಳುವ ವೋಲ್ಟೇಜನ್ನು ಸ್ವಲ್ಪ ಏರಿಸುತ್ತದೆ. ಪೆಟ್ರೋಲ್ ಜಾಸ್ತಿ ಆಗಿದೆ ಅಂದುಕೊಂಡು ಈಸಿಯು ಕಡಿಮೆ ಮಾಡುತ್ತದೆ. ನಾನು ಹೈಡ್ರೋಜನ್ ಸೆಲ್ ಪೂರ್ತಿ ಬಿಚ್ಚಿಟ್ಟು, ಈ ಡಬ್ಬಿ ಒಂದನ್ನೇ ಬಿಟ್ಟು ನೋಡಿದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಈಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋ ಅಂಕಿ) ಮೈನಸ್ ಕಡೆಗೆ ಹೋಯಿತು, ಖರ್ಚು ಸ್ವಲ್ಪ ಇಳಿಯಿತು. ಅಂದರೆ ಕೆಲವರಿಗೆ ಸಿಕ್ಕ ಚೂರು ಉಳಿತಾಯ ನೀರಿನಿಂದ ಬಂದದ್ದಲ್ಲ, ಸೆನ್ಸರ್‌ಗೆ ಸುಳ್ಳು ಹೇಳಿಸಿದ್ದರಿಂದ ಬಂದದ್ದು.

ಅದಕ್ಕೆ ತೆರುವ ಬೆಲೆ ದೊಡ್ಡದು. ಮೂರು ಬಗೆಯ ಹೊಗೆಯನ್ನೂ ಒಟ್ಟಿಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ಅಳತೆ ಬೇಕು. ಗಾಳಿ ಹೆಚ್ಚಾದ ಕೂಡಲೇ ನೈಟ್ರೋಜನ್ ಆಕ್ಸೈಡ್‌ಗಳು ಶುದ್ಧವಾಗದೆ ಹೊರಬೀಳುತ್ತವೆ. ಅದು ಜನರ ಶ್ವಾಸಕೋಶಕ್ಕೆ ಹೋಗುವ ವಿಷ. ಪೆಟ್ರೋಲ್ ಇನ್ನೂ ಕಡಿಮೆಯಾಗಿ ಮಿಶ್ರಣ ತೆಳುವಾದರೆ ಅದು ಸರಿಯಾಗಿ ಹತ್ತಿಕೊಳ್ಳದೆ ಮಿಸ್‌ಫೈರ್ ಶುರು. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಬಹುದು.

"ಹೈಡ್ರೋಜನ್ ಇಂಧನ ಅಲ್ಲ, ಪೆಟ್ರೋಲ್ ಚೆನ್ನಾಗಿ ಉರಿಯೋಕೆ ಸಹಾಯ ಮಾಡುತ್ತದೆ" ಅನ್ನೋ ವಾದವೂ ಇದೆ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹೈಡ್ರೋಜನ್ ಬೆರೆತರೆ ಬೆಂಕಿ ಬೇಗ ಹರಡುತ್ತದೆ, ತೆಳು ಮಿಶ್ರಣವೂ ಹತ್ತಿಕೊಳ್ಳುತ್ತದೆ. ನಾಸಾ 1977ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿದೆ, ಮಾರುವವರು ಅದನ್ನೇ ತೋರಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಹೈಡ್ರೋಜನ್ ಬಂದದ್ದು ಸಿಲಿಂಡರ್‌ನಿಂದ ಮತ್ತು ಮೆಥನಾಲ್‌ನಿಂದ ತಯಾರಿಸುವ ಯಂತ್ರದಿಂದ. ಅದೇ ಎಂಜಿನ್‌ನ ಬೆಲ್ಟ್‌ನಿಂದ ಕರೆಂಟ್ ಕದ್ದು ನೀರು ಒಡೆದದ್ದಲ್ಲ. ಈಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಹೇಗೂ ಬಹುತೇಕ ಪೂರ್ತಿ ಉರಿಯುತ್ತದೆ. ನಷ್ಟ ಆಗುವುದು ಶಾಖವಾಗಿ, ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ. ಎಂಜಿನ್ ನಿಮಿಷಕ್ಕೆ ನೂರಾರು ಲೀಟರ್ ಗಾಳಿ ಎಳೆಯುವಾಗ ಅದರೊಳಗಿನ ಒಂದು ಲೀಟರಿಗೂ ಕಡಿಮೆ ಹೈಡ್ರೋಜನ್ ಆ ನಷ್ಟವನ್ನು ತಡೆಯಲಾರದು.

ಕುತೂಹಲಕ್ಕೆ ಕಟ್ಟಿ ನೋಡುವವರು ದಯವಿಟ್ಟು ಎಚ್ಚರ ವಹಿಸಿ. ಈ ಗ್ಯಾಸ್‌ನಲ್ಲಿ ಆಕ್ಸಿಜನ್ ಮೊದಲೇ ಬೆರೆತಿರುತ್ತದೆ, ಒಂದು ಕಿಡಿ ಸಾಕು ಸಿಡಿಯೋಕೆ. ಯಾವುದರಲ್ಲೂ ತುಂಬಿಡಬೇಡಿ, ಬಬ್ಲರ್ ಇಲ್ಲದೆ ಜೋಡಿಸಬೇಡಿ, ಎಂಜಿನ್ ನಿಂತ ಕೂಡಲೇ ಕರೆಂಟ್ ತಾನಾಗಿಯೇ ಕಟ್ ಆಗುವಂತೆ ರಿಲೇ ಹಾಕಿ. ಸೆಲ್ ಬಿಸಿಯಾದಂತೆ ಕರೆಂಟ್ ಏರುತ್ತಾ ಹೋಗುತ್ತದೆ, ವೈರ್ ಸುಡಬಹುದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಪ್ಲೇಟ್ ಸವೆದು ನೀರು ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ವಿಷಕಾರಿ ಕ್ರೋಮಿಯಂ ಇರಬಹುದು. ಅದನ್ನು ಚರಂಡಿಗೆ ಸುರಿಯಬಾರದು.

ಈಗಾಗಲೇ ಹಾಕಿಸಿಕೊಂಡವರು ನನ್ನ ಹತ್ತಿರ ಬಂದರೆ ಮೊದಲು ಆ ಸೆನ್ಸರ್ ಡಬ್ಬಿ ತೆಗೆದು ವೈರನ್ನು ಮೊದಲಿನಂತೆ ಜೋಡಿಸುತ್ತೇನೆ. ಆಮೇಲೆ ಸೆಲ್, ರಿಲೇ, ಬ್ಯಾಟರಿಯಿಂದ ಬಂದ ವೈರ್ ತೆಗೆಯುತ್ತೇನೆ. ಏರ್ ಪೈಪಿನಲ್ಲಿ ಕೊರೆದ ತೂತನ್ನು ಟೇಪ್ ಸುತ್ತಿ ಬಿಡೋದಿಲ್ಲ, ಪೈಪನ್ನೇ ಬದಲಾಯಿಸುತ್ತೇನೆ. ಆ ತೂತಿನಿಂದ ಫಿಲ್ಟರ್ ದಾಟದ ಧೂಳು ನೇರವಾಗಿ ಎಂಜಿನ್‌ಗೆ ಹೋಗುತ್ತದೆ. ಕೊನೆಗೆ ಫ್ಯೂಯಲ್ ಟ್ರಿಮ್ ಅಳಿಸಿ, ಸ್ವಲ್ಪ ದೂರ ಓಡಿಸಿ, ಅದು ಸೊನ್ನೆಯ ಹತ್ತಿರ ಬಂದು ನಿಂತಿದೆಯಾ ಅಂತ ನೋಡಿ ಕೀ ಕೊಡುತ್ತೇನೆ.