ಗ್ಯಾಸ್ಟ್ರಿಕ್ ಮಾತ್ರೆ ಬಿಡಿಸಿದ್ದು: ಎಂಟು ವಾರದ ಚೀಟಿ

"ಗ್ಯಾಸ್ಟ್ರಿಕ್ ಮಾತ್ರೆ ಎಲ್ಲ ಬಿಡಿಸೋಕಾಗಲ್ಲ ಬಿಡಿ ಡಾಕ್ಟ್ರೇ, ಬಿಪಿ ಮಾತ್ರೆ ಇದ್ದ ಹಾಗೆ, ಜೀವಮಾನಪೂರ್ತಿ" ಎಂದು ವಿಜಯನಗರದ ಕಡೆ ಕ್ಲಿನಿಕ್ ಇಟ್ಟಿರುವ ಇಬ್ಬರು ಮೂವರು ನಕ್ಕಿದ್ದರು. ಈಗ ಅವರೇ ಎಂಟು ವಾರದಲ್ಲಿ ಮಾತ್ರೆ ಇಳಿಸಿ ಬಿಡಿಸುವ ನನ್ನ ಚೀಟಿಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಬಾಯಿಲೆಕ್ಕ ಹೇಳುವುದಾದರೆ, ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ಅದುಮುವ ಮಾತ್ರೆ) ನುಂಗುತ್ತಿರುವವರನ್ನು ಸರಿಯಾಗಿ ಆರಿಸಿಕೊಂಡರೆ ಹತ್ತರಲ್ಲಿ ಆರು ಮಂದಿ ಪೂರ್ತಿ ಬಿಡುತ್ತಾರೆ, ಇನ್ನೊಬ್ಬಿಬ್ಬರು 40 ಮಿಲಿಗ್ರಾಂನಿಂದ 20ಕ್ಕೆ ಇಳಿದು ನಿಲ್ಲುತ್ತಾರೆ.

ಮೊದಮೊದಲು ಎಲ್ಲವೂ ಕೆಟ್ಟಿತು. ಒಂದೇ ಏಟಿಗೆ ನಿಲ್ಲಿಸಿದವರೆಲ್ಲ ಹತ್ತು ದಿನದೊಳಗೆ ಎದೆಯುರಿ ಎಂದು ವಾಪಸ್ ಬಂದರು, ಕೆಲವರು ಮೆಡಿಕಲ್ಸ್‌ನಲ್ಲಿ ತಾವೇ ಕೇಳಿ ದಿನಕ್ಕೆ ಎರಡು ಶುರು ಮಾಡಿಕೊಂಡೇ ಬಂದರು. ಅದು ಹಳೇ ಕಾಯಿಲೆ ಮರಳಿದ್ದಲ್ಲ. ಆಮ್ಲ ಅದುಮಿಟ್ಟಷ್ಟು ದಿನ ಆಮ್ಲ ಸುರಿಸಲು ಜಠರಕ್ಕೆ ಹೇಳುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರಿರುತ್ತದೆ, ಮಾತ್ರೆ ತೆಗೆದ ಕೂಡಲೇ ಮೊದಲಿಗಿಂತ ಹೆಚ್ಚು ಆಮ್ಲ ಸುರಿಯುತ್ತದೆ. ಹೊಟ್ಟೆಯ ತೊಂದರೆಯೇ ಇಲ್ಲದ ಆರೋಗ್ಯವಂತರಿಗೆ ಇದೇ ಬಗೆಯ ಮಾತ್ರೆ ಎಂಟು ವಾರ ಕೊಟ್ಟು ನಿಲ್ಲಿಸಿ ನೋಡಿದ 2009ರ ಡೆನ್ಮಾರ್ಕಿನ ಪ್ರಯೋಗದಲ್ಲೂ ಸುಮಾರು 44 ಶೇಕಡಾ ಜನಕ್ಕೆ ಹುಳಿತೇಗು, ಉರಿ ಬಂದಿತ್ತು. ಬರೀ ಡಮ್ಮಿ ಮಾತ್ರೆ ತಿಂದವರಲ್ಲಿ 15. ಇದನ್ನು ರೋಗಿಗೆ ಮೊದಲೇ ಹೇಳದೆ ಮಾತ್ರೆ ಇಳಿಸಲು ಹೊರಟರೆ ಎಷ್ಟು ಚೆಂದದ ಚೀಟಿ ಬರೆದರೂ ದಂಡ.

ಎರಡನೇ ಪೆಟ್ಟು ಕತ್ತರಿಸಿದ ಮಾತ್ರೆ. 20 ಮಿಲಿಗ್ರಾಂ ಬರೆದುಕೊಟ್ಟರೆ ಅಂಗಡಿಯಲ್ಲಿ ಸ್ಟಾಕ್ ಇಲ್ಲ, "40ನ್ನೇ ಅರ್ಧ ಮಾಡ್ಕೊಳ್ಳಿ" ಎಂಬ ಸಲಹೆ ಪುಕ್ಕಟೆ. ಹೊರಪದರ ಒಡೆದ ಪ್ಯಾಂಟೊಪ್ರಜೋಲ್ ಕರುಳು ಮುಟ್ಟುವ ಮುಂಚೆ ಜಠರದ ಆಮ್ಲದಲ್ಲೇ ಹಾಳಾಗುತ್ತದೆ. ಅಂದರೆ ರೋಗಿ ಅರ್ಧ ಡೋಸಿನಲ್ಲಿದ್ದೇನೆ ಅಂದುಕೊಂಡಿರುತ್ತಾನೆ, ಹೆಚ್ಚುಕಡಿಮೆ ಸೊನ್ನೆಯಲ್ಲಿರುತ್ತಾನೆ. ಈಗ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ "ಮುರಿಯಬಾರದು, ಅಗಿಯಬಾರದು" ಎಂದೇ ಬರೆಯುತ್ತೇನೆ.

ಈಗಿನ ಕ್ರಮ ಹೀಗೆ. ಮೊದಲ ಎರಡು ವಾರ ಡೋಸ್ ಮುಟ್ಟುವುದಿಲ್ಲ, ಹೊತ್ತು ಮಾತ್ರ ಸರಿ ಮಾಡುತ್ತೇನೆ. ಅರ್ಧಕ್ಕರ್ಧ ಜನ ಇದನ್ನು ತಿಂಡಿ ಆದ ಮೇಲೋ ರಾತ್ರಿ ಮಲಗುವಾಗಲೋ ತಿನ್ನುತ್ತಿರುತ್ತಾರೆ. ತಿಂಡಿಗೆ 30ರಿಂದ 45 ನಿಮಿಷ ಮೊದಲು, ಬರೀ ನೀರಿನಲ್ಲಿ. ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳಲ್ಲಿ ಊಟಕ್ಕೆ ಎಚ್ಚೆತ್ತವನ್ನು ಮಾತ್ರ ಅದು ಹಿಡಿಯುವುದರಿಂದ, ಹೊತ್ತು ತಪ್ಪಿದ 40ಕ್ಕಿಂತ ಹೊತ್ತಿಗೆ ಸರಿಯಾದ 20 ಮೇಲು. ಜೊತೆಯಲ್ಲೇ ವಾಕರಿಕೆ, ವಾಂತಿಯ ಔಷಧಿ ಡಾಂಪೆರಿಡೋನ್ ಕಿತ್ತುಹಾಕುತ್ತೇನೆ. ಪ್ಯಾಂಟೊಪ್ರಜೋಲ್ ಕ್ಯಾಪ್ಸೂಲಿನಲ್ಲೇ ಅದನ್ನು ನಿಧಾನಕ್ಕೆ ಬಿಡುವ 30 ಮಿಲಿಗ್ರಾಂ ಸೇರಿಸಿರುತ್ತಾರೆ, ಜನ ಅದನ್ನು ವರ್ಷಗಟ್ಟಲೆ ನುಂಗುತ್ತಾರೆ. ಹೃದಯದ ಬಡಿತ ತಪ್ಪುವ ಭಯಕ್ಕೆ ಯುರೋಪಿನಲ್ಲಿ 2014ರಲ್ಲೇ ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕೆ ಮಿತಿಗೊಳಿಸಿದರು.

ಮೂರನೇ ವಾರದಿಂದ ಐದನೆಯದರವರೆಗೆ 20 ಮಿಲಿಗ್ರಾಂ. ಆಮೇಲೆ ಎರಡು ವಾರ ದಿನ ಬಿಟ್ಟು ದಿನ, ಎಂಟನೆಯದಕ್ಕೆ ನಿಲ್ಲಿಸುವುದು. ಉರಿ ಎದ್ದಾಗ ಆಂಟಾಸಿಡ್ ದ್ರವ 10 ಮಿಲಿ, ಊಟವಾಗಿ ಒಂದು ಗಂಟೆಗೆ, ಇಲ್ಲವೇ ಮಲಗುವಾಗ. ಹುಳಿ ಮೇಲೆ ಉಕ್ಕುವವರಿಗೆ, ಹೊಟ್ಟೆಯಲ್ಲಿರುವುದರ ಮೇಲೆ ತೇಲುವ ಪದರ ಕಟ್ಟುವ ಆಲ್ಜಿನೇಟ್ ದ್ರವ ಇನ್ನೂ ಒಳ್ಳೆಯದು, ಅದನ್ನು ಊಟದ ಹಿಂದೆಯೇ ಕುಡಿಯಬೇಕು. ಕಿಡ್ನಿ ಸೋತವರಿಗೆ ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಆಂಟಾಸಿಡ್ ಕೊಡುವುದಿಲ್ಲ. ಬಿಪಿ ಇದ್ದವರಿಗೆ ನೊರೆ ಬರುವ ಸೋಡಾ ಪುಡಿ ಬೇಡ, ಅದರಲ್ಲಿ ಸೋಡಿಯಂ ಹೆಚ್ಚು. ಮೂರನೇ ವಾರದಲ್ಲಿ ರೋಗಿಗೆ ಫೋನಿನಲ್ಲಿ ಏನು ಹೇಳುತ್ತೇನೆ ಎನ್ನುವುದು ಮಾತ್ರ ನನ್ನಲ್ಲೇ ಇರಲಿ, ಅರ್ಧ ಕೆಲಸ ಅದೇ ಮಾಡುತ್ತದೆ.

ಆಮ್ಲ ಇಳಿಸುವ ಇನ್ನೊಂದು ಬಗೆಯ ಮಾತ್ರೆ ಫ್ಯಾಮೊಟಿಡಿನ್, ದಿನಾ ರಾತ್ರಿ 20 ಮಿಲಿಗ್ರಾಂ ಕೊಟ್ಟು ನೋಡಿದೆ. ಹತ್ತು ಹನ್ನೆರಡು ದಿನ ಅದ್ಭುತ, ಆಮೇಲೆ ನೀರು ಕುಡಿದ ಹಾಗೆ. ದೇಹ ಬೇಗ ಒಗ್ಗಿಕೊಳ್ಳುತ್ತದೆ. ಬೇಕಾದ ರಾತ್ರಿ ಮಾತ್ರ ಎಂದಾಗ ಕೆಲಸಕ್ಕೆ ಬಂತು. ಅದೇ ಬಗೆಯ ಹಳೇ ಮಾತ್ರೆ ರಾನಿಟಿಡಿನ್‌ನ ಮನೆಯಲ್ಲಿ ಉಳಿದ ಸ್ಟ್ರಿಪ್ ತಂದು ತೋರಿಸುವವರು ಈಗಲೂ ಇದ್ದಾರೆ. ಅದನ್ನು 2022ರಲ್ಲಿ ನಮ್ಮ ಅಗತ್ಯ ಔಷಧಗಳ ಪಟ್ಟಿಯಿಂದಲೇ ತೆಗೆದಾಗಿದೆ.

ಯಾರಿಗೆ ಇಳಿಸಬಾರದು ಎನ್ನುವುದರಲ್ಲಿ ನಾನೇ ಎಡವಿದ್ದೇನೆ. ಚೀಟಿಯಲ್ಲಿ ಏನೂ ಇಲ್ಲ, ಆದರೆ ಮಂಡಿನೋವಿಗೆ ಅಂಗಡಿಯಿಂದ ದಿನಾ ಡೈಕ್ಲೋಫೆನಾಕ್ ತಿನ್ನುತ್ತಿದ್ದಾರೆ, ಅದು ಹೊಟ್ಟೆಯಲ್ಲಿ ಹುಣ್ಣು ಮಾಡದಂತೆ ಕಾಯುವುದು ಇದೇ ಗ್ಯಾಸ್ಟ್ರಿಕ್ ಮಾತ್ರೆ. ಕೇಳದಿದ್ದರೆ ಹೇಳುವುದಿಲ್ಲ, ಏಕೆಂದರೆ ಅದು ಅವರ ಲೆಕ್ಕದಲ್ಲಿ "ನೋವಿನ ಮಾತ್ರೆ", ಔಷಧಿಯಲ್ಲ. ಈಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಕವರಿನಲ್ಲಿ ತರಿಸಿ ಮೇಜಿನ ಮೇಲೆ ಸುರಿಸುತ್ತೇನೆ. ಹುಣ್ಣಿನಿಂದ ರಕ್ತ ಹೋದವರು, ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್-ಕ್ಲೊಪಿಡೊಗ್ರೆಲ್ ಎರಡೂ ತಿನ್ನುವವರು, ಬ್ಯಾರೆಟ್ (ಹುಳಿ ಉಕ್ಕಿ ಅನ್ನನಾಳದ ಒಳಪದರವೇ ಬದಲಾಗುವುದು) ಇದ್ದವರು, ಅನ್ನನಾಳ ತೀವ್ರವಾಗಿ ಸುಟ್ಟವರು, ಇವರನ್ನು ಮುಟ್ಟುವುದಿಲ್ಲ. ಕ್ಲೊಪಿಡೊಗ್ರೆಲ್ ಜೊತೆ, ಅದರ ಕೆಲಸ ತಗ್ಗಿಸುವ ಒಮೆಪ್ರಜೋಲ್ ಕಂಡರೆ ಪ್ಯಾಂಟೊಪ್ರಜೋಲ್‌ಗೆ ಬದಲಿಸುತ್ತೇನೆ ಅಷ್ಟೆ. ನುಂಗಲು ಕಷ್ಟ, ಕಪ್ಪು ಮಲ, ತೂಕ ಇಳಿತ ಇದ್ದರೆ ನೇರ ಎಂಡೋಸ್ಕೋಪಿ. ನಡೆದಾಗ ಏಳುವ, ಬೆವರು ಬರಿಸುವ "ಗ್ಯಾಸ್" ಇದ್ದರೆ ಆಂಟಾಸಿಡ್ ಕೊಟ್ಟು ನೋಡೋಣ ಎಂಬ ಮಾತೇ ಇಲ್ಲ. ಮೊದಲು ಇಸಿಜಿ, ಅನುಮಾನವಿದ್ದರೆ ಆಂಬ್ಯುಲೆನ್ಸಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಗೆ.

ಥೈರಾಯ್ಡ್ ಮಾತ್ರೆ ತಿನ್ನುವವರಲ್ಲಿ ಇನ್ನೊಂದು ಗಂಟು. ಆಮ್ಲ ಕಡಿಮೆಯಿದ್ದಾಗ ಥೈರಾಕ್ಸಿನ್ ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಯಾರೋ ಹಿಂದೆಯೇ ಅದರ ಡೋಸ್ ಏರಿಸಿರಬಹುದು. ಪ್ಯಾಂಟೊ ಬಿಟ್ಟ ಆರೆಂಟು ವಾರಕ್ಕೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ ಡೋಸ್ ಸರಿ ಮಾಡದಿದ್ದರೆ ಎದೆ ಡವಡವ ಎಂದುಕೊಂಡು ಬರುತ್ತಾರೆ. ಆಂಟಾಸಿಡ್‌ಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲೇಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆ ಪ್ಯಾಂಟೊ ವರ್ಷಗಟ್ಟಲೆ ತಿಂದವರಿಗೆ ಬಿ12 ವಿಟಮಿನ್ ಇಳಿದಿದೆಯೇ ಎಂದು ನೋಡುತ್ತೇನೆ.

ಆಸ್ಪತ್ರೆ ಮಂಚ ಕೊಳ್ಳದೆ ತಲೆಭಾಗ ಎತ್ತರಿಸಲು ದಿಂಬು ಜೋಡಿಸಿ ನೋಡಿದ್ದು ಉಲ್ಟಾ ಹೊಡೆಯಿತು, ಹೊಟ್ಟೆ ಮಡಚಿ ಹುಳಿ ಇನ್ನೂ ಮೇಲೇರಿತು. ಮನೆ ಕಟ್ಟುವ ಕಡೆ ಸಿಗುವ ಆರಿಂಚಿನ ಸಾಲಿಡ್ ಬ್ಲಾಕ್ ಎರಡು, ಮಂಚದ ತಲೆಯ ಕಾಲಡಿ ಇಟ್ಟರೆ ಆಯಿತು, ನೂರು ರೂಪಾಯಿಯೂ ಆಗದು. ಎಡ ಮಗ್ಗುಲಿಗೆ ಮಲಗುವುದು, ರಾತ್ರಿ ಊಟ ಮಲಗುವ ಮೂರು ಗಂಟೆ ಮೊದಲು. ವೈಟ್‌ಫೀಲ್ಡ್‌ನಿಂದ ಹತ್ತಕ್ಕೆ ಮನೆ ಮುಟ್ಟುವವರಿಗೆ ಈ ಕೊನೆಯದು ಆಗದ ಮಾತು. ಅವರಿಗೆ ಏಳಕ್ಕೇ ಆಫೀಸಿನಲ್ಲಿ ಚಪಾತಿ, ಮನೆಯಲ್ಲಿ ಬರೀ ಮಜ್ಜಿಗೆ ಎಂದು ಒಪ್ಪಿಸುತ್ತೇನೆ. ಖಾಲಿ ಹೊಟ್ಟೆಯ ಫಿಲ್ಟರ್ ಕಾಫಿಯನ್ನು ತಿಂಡಿಯ ನಂತರಕ್ಕೆ ತಳ್ಳಿದ್ದರಿಂದ ಕೆಲವರಿಗೆ ಲಾಭವಾಯಿತು, ಎಲ್ಲರಿಗಲ್ಲ. ತಣ್ಣನೆಯ ಹಾಲು ಹತ್ತು ನಿಮಿಷದ ಸುಖ, ಆಮೇಲೆ ಆಮ್ಲ ಹೆಚ್ಚು.

ದುಡ್ಡಿನ ಮಾತು. ಡಾಂಪೆರಿಡೋನ್ ಸೇರಿದ ಬ್ರ್ಯಾಂಡ್ ಕ್ಯಾಪ್ಸೂಲು ಒಂದಕ್ಕೆ ಹನ್ನೆರಡು ಹದಿಮೂರು ರೂಪಾಯಿ ಬೀಳುತ್ತದೆ, ವರ್ಷಕ್ಕೆ ನಾಲ್ಕೂವರೆ ಸಾವಿರದ ಹತ್ತಿರ. ಜನೌಷಧಿಯಲ್ಲಿ ಬರೀ ಪ್ಯಾಂಟೊಪ್ರಜೋಲ್ ಅದರ ಕಾಲುಭಾಗಕ್ಕೂ ಕಡಿಮೆ. ನನಗೆ ನಷ್ಟವೇ: ನಡುವಿನ ಎರಡು ಭೇಟಿಗೆ ಫೀಸು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ಬರುವುದೇ ಇಲ್ಲ.

ಎರಡು ಸಲ ಇಳಿಸಿಯೂ ಉರಿ ಮರಳಿದವರಿಗೆ ಎಚ್. ಪೈಲೋರಿ (ಜಠರದಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ) ಪರೀಕ್ಷೆ. ಮಲದ್ದೋ ಉಸಿರಿನದೋ, ಮಾತ್ರೆ ನಿಲ್ಲಿಸಿ ಎರಡು ವಾರ ಆದ ಮೇಲೆಯೇ. ತಿನ್ನುತ್ತಿರುವಾಗ ಮಾಡಿಸಿದ ನೆಗೆಟಿವ್ ವರದಿಯನ್ನು ನಂಬಿ ಮೂರು ನಾಲ್ಕು ಮಂದಿಯನ್ನು ಸುಮ್ಮನೆ ಕಾಯಿಸಿದ್ದೆ.