ದ್ರಾಸ್‌ನಲ್ಲಿ ತೋಪಿನ ಗುರಿ ತಿದ್ದಿದ ಬಗೆ

1999ರ ಕಾರ್ಗಿಲ್ ಯುದ್ಧದಲ್ಲಿ ನಾನು ದ್ರಾಸ್ ವಲಯದಲ್ಲಿ ಫಿರಂಗಿ ದಳದ ವೀಕ್ಷಣಾಧಿಕಾರಿಯಾಗಿದ್ದೆ. ಕಾಲಾಳು ಪಡೆಯ ಜೊತೆಗೇ ಮೇಲೇರಿ, ಹೆದ್ದಾರಿಯ ಪಕ್ಕದಲ್ಲಿ ನಿಂತಿದ್ದ ನಮ್ಮ ಬೋಫೋರ್ಸ್ ತೋಪುಗಳ ಶೆಲ್‌ಗಳು ಎಲ್ಲಿ ಬೀಳುತ್ತಿವೆಯೆಂದು ನೋಡಿ, ರೇಡಿಯೊದಲ್ಲಿ ತಿದ್ದುಪಡಿ ಹೇಳುವುದು ನನ್ನ ಕೆಲಸ.

ದ್ರಾಸ್ ಪೇಟೆಯೇ ಮೂರು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಶತ್ರು ಹಿಡಿದು ಕೂತಿದ್ದ ತೋಲೋಲಿಂಗ್ ಮತ್ತು ಟೈಗರ್ ಹಿಲ್ ಶಿಖರಗಳು ಅದಕ್ಕಿಂತಲೂ ಸಾವಿರ ಮೀಟರಿಗೂ ಮೇಲೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ಶೆಲ್‌ಗೆ ತಡೆ ಕಡಿಮೆಯಾದ್ದರಿಂದ ಅದು ಬಯಲುಸೀಮೆಯಲ್ಲಿ ಹೋಗುವುದಕ್ಕಿಂತ ಬಹಳ ದೂರ ಹೋಗುತ್ತದೆ. ಕಣಿವೆಯಲ್ಲಿ ಬೀಸುವ ಗಾಳಿಗೂ ಶಿಖರದ ಗಾಳಿಗೂ ಸಂಬಂಧವಿರುವುದಿಲ್ಲ. ಮಧ್ಯಾಹ್ನ ಹೊಂದಿಸಿಕೊಂಡ ಅಳತೆಯನ್ನು ರಾತ್ರಿಯ ಚಳಿಯಲ್ಲಿ ನಂಬುವಂತಿರಲಿಲ್ಲವಾದ್ದರಿಂದ, ದಾಳಿಗೆ ಮುನ್ನ ಮತ್ತೆ ಪರೀಕ್ಷೆಗೆಂದು ಹಾರಿಸಿ ನೋಡುತ್ತಿದ್ದೆವು.

ಇದಕ್ಕಿಂತ ದೊಡ್ಡ ತೊಡಕೆಂದರೆ ಗುರಿಯ ಆಕಾರ. ಶತ್ರುವಿನ ಸಂಗರ್‌ಗಳು, ಅಂದರೆ ಕಲ್ಲು ಪೇರಿಸಿ ಕಟ್ಟಿದ ಮೋರ್ಚಾಗಳು, ಗರಗಸದ ಅಲಗಿನಂತಿದ್ದ ಏಣಿನ, ಅಂದರೆ ಬೆಟ್ಟದ ಉದ್ದನೆಯ ಕಿರಿದಾದ ನೆತ್ತಿಯ, ಮೇಲಿದ್ದವು. ಗುರಿ ದಾಟಿದ ಶೆಲ್ ಆಚೆಯ ಕಣಿವೆಗೆ ಬಿದ್ದು ಕಣ್ಣಿಗೇ ಕಾಣುತ್ತಿರಲಿಲ್ಲ. ಕಾಣದ್ದನ್ನು ತಿದ್ದುವುದು ಹೇಗೆ? ಆದ್ದರಿಂದ ಬೇಕೆಂದೇ ಗುರಿಗಿಂತ ಕೆಳಗೆ, ನಮಗೆ ಎದುರಾಗಿದ್ದ ಇಳಿಜಾರಿನಲ್ಲಿ ಮೊದಲ ಶೆಲ್ ಬೀಳಿಸಿ, ಅಲ್ಲಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ಒಯ್ಯುತ್ತಿದ್ದೆ. ತೋಪಿನ ಶೆಲ್‌ಗಳು ಅಕ್ಕಪಕ್ಕಕ್ಕಿಂತ ಹಿಂದುಮುಂದಾಗಿಯೇ ಹೆಚ್ಚು ಚದುರುತ್ತವೆ. ಏಣು ಅಡ್ಡಲಾಗಿದ್ದರೆ ಬಹುಪಾಲು ವ್ಯರ್ಥ; ಅದರ ಉದ್ದಕ್ಕೇ ಹಾರಿಸಬಲ್ಲ ಜಾಗದಲ್ಲಿ ತೋಪು ಸಿಕ್ಕರೆ ಆ ಚದುರುವಿಕೆಯೇ ಅನುಕೂಲ. ಅಂಥ ಜಾಗಗಳು ಆ ಇಕ್ಕಟ್ಟಿನ ಕಣಿವೆಯಲ್ಲಿ ವಿರಳವಾಗಿದ್ದವು, ಇದ್ದವುಗಳ ಮೇಲೆ ಶತ್ರುವಿನ ಕಣ್ಣಿತ್ತು. ಶಿಖರ ನೇರವಾಗಿ ಕಾಣುವ ಕಡೆ ಬೋಫೋರ್ಸನ್ನು ಬಂದೂಕಿನಂತೆ ನೇರ ಗುರಿಯಿಟ್ಟು ಹಾರಿಸಿದ್ದೂ ಉಂಟು. ಸಂಗರ್ ಒಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಲಿಲ್ಲ.

ನಿಯಂತ್ರಣ ರೇಖೆಯನ್ನು ದಾಟಬಾರದೆಂಬುದು ಸರ್ಕಾರದ ಆದೇಶ. ದೂರದಿಂದ ಸುತ್ತಿಬಳಸಿ ಶತ್ರುವಿನ ಸರಬರಾಜು ಕತ್ತರಿಸುವ ದಾರಿ ಹೀಗೆ ಮುಚ್ಚಿದ್ದರಿಂದ, ಕಾಲಾಳುಗಳು ಅವನ ಕಣ್ಣೆದುರಿನ ಬೋಳು ಇಳಿಜಾರನ್ನೇ ಹತ್ತಬೇಕಾಯಿತು. ಅವರು ಏರುವಷ್ಟು ಹೊತ್ತು ಮೇಲಿದ್ದವನು ತಲೆ ಎತ್ತದಂತೆ ಮಾಡುವುದೇ ನಮ್ಮ ಮುಖ್ಯ ಕೆಲಸ. ಎಷ್ಟು ಮಂದಿಯನ್ನು ಕೊಂದೆವೆಂಬುದು ನನ್ನ ದೃಷ್ಟಿಯಲ್ಲಿ ಎರಡನೆಯ ಮಾತು. ಜೂನ್ 13ರಂದು ತೋಲೋಲಿಂಗ್ ವಶವಾದದ್ದು ಬಂದೂಕು, ಗ್ರೆನೇಡುಗಳ ಕೈಹತ್ತಿರದ ಕಾದಾಟದಿಂದ, ಆದರೆ ಆ ಕೊನೆಯ ಏರನ್ನು ಮುಟ್ಟಲು ಬೇಕಾದ ಹೊತ್ತನ್ನು ಒದಗಿಸಿದ್ದು ತೋಪುಗಳು.

ದಾಳಿಯ ತುಕಡಿ ಸಮೀಪಿಸಿದಂತೆ ಶೆಲ್ ನಿಲ್ಲಿಸುವ ಕ್ಷಣವನ್ನು ಕಂಪನಿ ಕಮಾಂಡರ್‌ನೊಂದಿಗೆ ಮೊದಲೇ ಮಾತಾಡಿಕೊಳ್ಳುತ್ತಿದ್ದೆ: ಬೇಗ ನಿಲ್ಲಿಸಿದರೆ ಮೆಷಿನ್‌ಗನ್ ಮತ್ತೆ ಬಾಯಿಬಿಡುತ್ತದೆ, ತಡವಾದರೆ ನಮ್ಮವರಿಗೇ ಚೂರುಗಳು ಬಡಿಯುತ್ತವೆ. ಶಿಖರ ಕೈಸೇರಿದ ಕೂಡಲೇ ತೋಪುಗಳನ್ನು ಅದರ ಹಿಂದಿನ ಇಳಿಜಾರಿಗೆ ತಿರುಗಿಸುತ್ತಿದ್ದೆವು, ಏಕೆಂದರೆ ಪ್ರತಿದಾಳಿ ಬರುತ್ತಿದ್ದುದು ಆ ಕಡೆಯಿಂದಲೇ.